ಹಂಗು ಮತ್ತು ಹಕ್ಕು: ಒಂದು ಪದ ತಲೆಕೆಳಗಾದ ಕಥೆ

ಕೆಲವು ಮಾತುಗಳು ಬೈಗುಳವಲ್ಲ. ಅವುಗಳಲ್ಲಿ ಕೋಪವಿರುವುದಿಲ್ಲ, ಮೇಲ್ನೋಟಕ್ಕೆ ತಿರಸ್ಕಾರವೂ ಕಾಣುವುದಿಲ್ಲ. ಹೆಚ್ಚಾಗಿ ಅವು ಹೊಗಳಿಕೆಯ ರೂಪದಲ್ಲೇ ಬರುತ್ತವೆ. ಆದರೂ ಕೇಳಿಸಿಕೊಂಡವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಡುತ್ತವೆ. ಇಲ್ಲೇ ಹುಟ್ಟಿ, ಇಲ್ಲಿನ ಕನ್ನಡ ಶಾಲೆಯಲ್ಲೇ ಓದಿ ಬೆಳೆದ ಮುಸ್ಲಿಮ್ ಯುವಕನೊಬ್ಬನಿಗೆ 'ಪರವಾಗಿಲ್ಲವೇ, ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತೀರಿ!' ಎನ್ನುವುದು ಅಂಥ ಒಂದು ಮಾತು. ದಲಿತ ಅಧಿಕಾರಿಯೊಬ್ಬರಿಗೆ 'ನಿಮ್ಮನ್ನು ನೋಡಿದರೆ ಹಾಗೆ ಅನ್ನಿಸುವುದೇ ಇಲ್ಲ' ಎನ್ನುವುದು ಮತ್ತೊಂದು. ಇಪ್ಪತ್ತು ವರ್ಷ ವೃತ್ತಿ ಮಾಡಿದ ಮಹಿಳೆಗೆ ಆಕೆಯದೇ ಕಸುಬಿನ ವಿಷಯದಲ್ಲಿ 'ಅದೆಲ್ಲ ನಿಮಗೆ ತಿಳಿಯುವುದಿಲ್ಲಮ್ಮ, ನಾನು ಹೇಳುತ್ತೇನೆ ಕೇಳಿ' ಎನ್ನುವುದು ಇನ್ನೊಂದು.

ಇಂಥ ಮಾತುಗಳ ಬಗ್ಗೆ ದೂರು ಹೇಳುವುದು ಕಷ್ಟ. 'ಅವರು ಒಳ್ಳೆಯದನ್ನೇ ಹೇಳಿದರಲ್ಲ, ನಿಮಗೇಕೆ ನೋವು?' ಎಂಬ ಪ್ರಶ್ನೆ ಕೂಡಲೇ ಎದುರಾಗುತ್ತದೆ. ನೋವನ್ನು ಹೇಳಿಕೊಂಡವನೇ ಕೃತಘ್ನನೆನಿಸಿಕೊಳ್ಳುತ್ತಾನೆ.

ತಾನು ಮೇಲಿದ್ದೇನೆ, ಎದುರಿನವನು ಕೆಳಗಿದ್ದಾನೆ ಎಂದು ಖಚಿತವಾಗಿ ನಂಬಿಕೊಂಡು, ಅಲ್ಲಿಂದ ಬಾಗಿ ದಯೆ ತೋರುವ ಈ ನಡವಳಿಕೆಗೆ ಇಂಗ್ಲಿಷಿನಲ್ಲಿ 'ಕಾಂಡಿಸೆನ್ಷನ್' ಎನ್ನುತ್ತಾರೆ. ಇಂದು ಯಾರನ್ನಾದರೂ ಹಾಗೆ ಕರೆದರೆ ಅದು ಆರೋಪ. ಆದರೆ ಇನ್ನೂರೈವತ್ತು ವರ್ಷಗಳ ಹಿಂದೆ ಇದೇ ಪದ ದೊಡ್ಡ ಪ್ರಶಂಸೆಯಾಗಿತ್ತು. ಒಬ್ಬ ಪ್ರಭುವಿನ ಬಗ್ಗೆ 'ಅವರು ಬಹಳ ಕಾಂಡಿಸೆನ್ಷನ್ ಉಳ್ಳವರು' ಎಂದರೆ ಅವರು ಸಜ್ಜನರು, ನಿಗರ್ವಿಗಳು ಎಂದರ್ಥ. ನಡವಳಿಕೆ ಹೆಚ್ಚೇನೂ ಬದಲಾಗಲಿಲ್ಲ. ಹಾಗಾದರೆ ಹೊಗಳಿಕೆ ಬೈಗುಳವಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ನಮಗೆ ಸಿಗುವುದು ಮನುಷ್ಯ ಸಮಾನತೆಯ ಒಂದು ಸಣ್ಣ ಚರಿತ್ರೆ.

ಇಳಿದು ಬರುವುದು ಗುಣವಾಗಿದ್ದಾಗ

ಪದದ ಮೂಲ ಲ್ಯಾಟಿನ್. 'ಕೆಳಗಿಳಿದು ಬರುವುದು' ಎಂಬುದು ಅದರ ನೇರ ಅರ್ಥ. ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಈ ಭಾವನೆಗೆ ಗೌರವದ ಸ್ಥಾನವಿತ್ತು. 4ನೇ ಶತಮಾನದ ಧರ್ಮಗುರು ಜಾನ್ ಕ್ರಿಸೋಸ್ಟಮ್, ದೇವರು ಮನುಷ್ಯನ ಅಲ್ಪ ತಿಳಿವಳಿಕೆಗೆ ಎಟಕುವಂತೆ ತನ್ನನ್ನು ತಗ್ಗಿಸಿಕೊಳ್ಳುತ್ತಾನೆ ಎಂಬುದನ್ನು ಹೇಳಲು ಇದಕ್ಕೆ ಸಮನಾದ ಗ್ರೀಕ್ ಪದವನ್ನು ಬಳಸಿದ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಸಂತ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ, ದೊಡ್ಡಸ್ತಿಕೆ ಬಿಟ್ಟು ದೀನರ ಜೊತೆ ಬೆರೆಯಿರಿ ಎನ್ನುವ ಉಪದೇಶದಲ್ಲೂ ಇದೇ ಕ್ರಿಯಾಪದ ಬರುತ್ತದೆ.

ದೇವರಿಗೆ ಹೇಳಿದ ಗುಣ ನಿಧಾನವಾಗಿ ದೊರೆಗೆ, ಜಮೀನ್ದಾರನಿಗೆ, ಶ್ರೀಮಂತನಿಗೆ ಹೋಯಿತು. ಸಮಾಜವೇ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಲ್ಪಟ್ಟಿತ್ತು. ಯಾರು ಯಾವ ಮೆಟ್ಟಿಲಲ್ಲಿ ಹುಟ್ಟಿದರೋ ಅಲ್ಲೇ ಇರಬೇಕು ಎಂಬುದನ್ನು ಮೇಲಿನವರೂ ಕೆಳಗಿನವರೂ ಒಪ್ಪಿಕೊಂಡಿದ್ದರು. ಅಂಥ ಲೋಕದಲ್ಲಿ ಮೇಲಿನವನು ತಾನಾಗಿ ಎರಡು ಮೆಟ್ಟಿಲು ಇಳಿದು ಬಂದು ರೈತನ ಯೋಗಕ್ಷೇಮ ಕೇಳಿದರೆ ಅದು ದೊಡ್ಡ ಗುಣವೇ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದಾಗ, ಮೇಲಿನವನು ಸ್ವಇಚ್ಛೆಯಿಂದ ಇಳಿದು ಕೆಳಗಿನವರ ಜೊತೆ ಸಮನಾಗಿ ನಡೆದುಕೊಳ್ಳುವುದು ಎಂಬ ಅರ್ಥವನ್ನೇ ಈ ಪದಕ್ಕೆ ಕೊಟ್ಟ. ಅದರಲ್ಲಿ ನಿಂದೆಯ ಸುಳಿವಿಲ್ಲ.

ಇದು ನಮಗೆ ಅಪರಿಚಿತವಾದ ಲೋಕವೇನಲ್ಲ. ಹಳೆಯ ಮೈಸೂರಿನ ಸಭ್ಯ ಕನ್ನಡದಲ್ಲಿ ದೊಡ್ಡವರನ್ನು 'ಬನ್ನಿ' ಎನ್ನುತ್ತಿರಲಿಲ್ಲ, 'ದಯಮಾಡಿಸಿ' ಎನ್ನುತ್ತಿದ್ದರು. ನಮ್ಮ ಮನೆಗೆ ಕಾಲಿಡುವುದೇ ಅವರು ತೋರುವ ದಯೆ ಎಂಬುದು ಆ ಮಾತಿನೊಳಗಿನ ಭಾವ. ಉರ್ದುವಿನಲ್ಲಿ ಬರುವವರನ್ನು 'ತಶ್ರೀಫ್' ತರಲು ಕೇಳಿಕೊಳ್ಳುತ್ತೇವೆ. ಅದು ಅರಬೀ ಮೂಲದ, ಗೌರವ ನೀಡುವುದು ಎಂಬ ಅರ್ಥದ ಪದ. ಆದರೆ ಉರ್ದು ಶಿಷ್ಟಾಚಾರದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅಲ್ಲಿ ಮಾತಾಡುವವನು ತನ್ನ ಮನೆಯನ್ನು 'ಗರೀಬ್‌ಖಾನಾ', ಎದುರಿನವನ ಮನೆಯನ್ನು 'ದೌಲತ್‌ಖಾನಾ' ಎನ್ನುತ್ತಾನೆ. ಎದುರಿನವನೂ ಹಾಗೆಯೇ ಹೇಳುತ್ತಾನೆ. ಇಬ್ಬರೂ ತಮ್ಮನ್ನು ತಗ್ಗಿಸಿಕೊಂಡು ಮತ್ತೊಬ್ಬರನ್ನು ಏರಿಸುವುದರಿಂದ ಲೆಕ್ಕ ಸಮವಾಗುತ್ತದೆ. ವಿನಯ ಎರಡೂ ಕಡೆಯಿಂದ ಬಂದರೆ ಅದು ಸಭ್ಯತೆ. ಒಬ್ಬನೇ ಯಾವಾಗಲೂ ಬಾಗುತ್ತಾ, ಇನ್ನೊಬ್ಬನೇ ಯಾವಾಗಲೂ ದಯೆ ತೋರುತ್ತಾ ಹೋದರೆ ಅದು ಬೇರೆ ಸಂಬಂಧ.

ಆಶ್ರಯದಾತನ ಲೆಕ್ಕಪತ್ರ

ಆ ಬೇರೆ ಸಂಬಂಧಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಪದವಿದೆ: 'ಪೇಟ್ರನೈಸ್'. ಇದು ಪ್ರಾಚೀನ ರೋಮಿನಿಂದ ಬಂದದ್ದು. ತಂದೆ ಎಂಬ ಅರ್ಥದ ಪದದಿಂದ 'ಪೇಟ್ರನ್', ಅಂದರೆ ಆಶ್ರಯದಾತ, ಹುಟ್ಟಿದ. ರೋಮಿನ ಬಡ ನಾಗರಿಕರು ಬೆಳಗಾದರೆ ತಮ್ಮ ಆಶ್ರಯದಾತನ ಮನೆಬಾಗಿಲಿಗೆ ಹೋಗಿ ಸಲಾಮು ಹೊಡೆದು, ಆಹಾರವನ್ನೋ ಒಂದಿಷ್ಟು ಕಾಸನ್ನೋ ಪಡೆದು ಬರುತ್ತಿದ್ದರು. ಗುಲಾಮನನ್ನು ಬಿಡುಗಡೆ ಮಾಡಿದ ಒಡೆಯ ಆತನ ಆಶ್ರಯದಾತನಾಗುತ್ತಿದ್ದ. ಅಂದರೆ ಬಿಡುಗಡೆಯಾದ ಮೇಲೂ ಋಣ ಮುಗಿಯುತ್ತಿರಲಿಲ್ಲ.

ಅರಬೀ ಭಾಷೆಯಲ್ಲಿ ಇದೇ ಸಂಬಂಧವನ್ನು ಸೂಚಿಸುವ ಪದ 'ಮೌಲಾ'. ನಮ್ಮ ಊರುಗಳಲ್ಲಿ ದಿನವೂ ಕೇಳುವ ಮೌಲಾನಾ, ಮೌಲವಿ ಎಂಬ ಪದಗಳು ಇದರಿಂದಲೇ ಬಂದವು. ವಿಚಿತ್ರವೆಂದರೆ ಆಶ್ರಯ ಕೊಡುವವನೂ ಮೌಲಾ, ಆಶ್ರಯ ಪಡೆಯುವವನೂ ಮೌಲಾ. ಪದ ಒಂದೇ ಆದರೂ ಇತಿಹಾಸದಲ್ಲಿ ಇಬ್ಬರ ಸ್ಥಾನ ಒಂದೇ ಆಗಿರಲಿಲ್ಲ. ಉಮಯ್ಯಾ ವಂಶದ ಆಳ್ವಿಕೆಯಲ್ಲಿ, ಅಂದರೆ 661ರಿಂದ 750ರವರೆಗೆ, ಇಸ್ಲಾಮ್ ಸ್ವೀಕರಿಸಿದ ಪರ್ಷಿಯನ್ನರು ಮತ್ತು ಇತರ ಅರಬೇತರರು ಯಾವುದಾದರೊಂದು ಅರಬ್ ಬುಡಕಟ್ಟಿನ ಆಶ್ರಿತರಾಗಿ, 'ಮವಾಲಿ'ಗಳಾಗಿ ಸೇರಿಕೊಳ್ಳಬೇಕಿತ್ತು. ಧರ್ಮ ಸಮಾನತೆಯನ್ನು ಸಾರಿದ್ದರೂ ವ್ಯವಹಾರದಲ್ಲಿ ಅವರನ್ನು ಎರಡನೆಯ ಸಾಲಿನಲ್ಲಿ ಕೂರಿಸಲಾಯಿತು. ಹಲವೆಡೆ ಅವರಿಂದ ಜಿಝಿಯಾವನ್ನೂ ವಸೂಲಿ ಮಾಡಲಾಗುತ್ತಿತ್ತು. 717ರಿಂದ 720ರವರೆಗೆ ಆಳಿದ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್ ಇದನ್ನು ಸರಿಪಡಿಸಲು ಪ್ರಯತ್ನಿಸಿದರು. ಆದರೆ ಅಸಮಾಧಾನ ಉಳಿಯಿತು. ಖುರಾಸಾನಿನಲ್ಲಿ ಆರಂಭವಾಗಿ 750ರಲ್ಲಿ ಉಮಯ್ಯಾ ಆಳ್ವಿಕೆಯನ್ನು ಉರುಳಿಸಿದ ಬಂಡಾಯಕ್ಕೆ ಬಲ ನೀಡಿದ ಕಾರಣಗಳಲ್ಲಿ ಮವಾಲಿಗಳ ಅತೃಪ್ತಿಯೂ ಒಂದು.

ಈ ಆಶ್ರಿತರ ಸಾಲಿನಿಂದಲೇ ಬಂದವರು ಹಸನ್ ಬಸರಿಯಂಥ ಮಹಾನ್ ಸಂತ ವಿದ್ವಾಂಸರು. ಅದೇ ಸಾಲಿನ ಇನ್ನೊಬ್ಬ 8ನೇ ಶತಮಾನದ ಸೀಬವೈಹಿ. ಈತ ಪರ್ಷಿಯನ್ ಮೂಲದವನು. ಬಸರಾದಲ್ಲಿ ಹದೀಸ್ ಓದುತ್ತಿದ್ದಾಗ ಅರಬೀ ವ್ಯಾಕರಣದಲ್ಲಿ ತಪ್ಪಿದನೆಂದು ಗುರುಗಳು ತಿದ್ದಿದರಂತೆ. ಇನ್ನು ಯಾರೂ ತನ್ನ ಮಾತಿನಲ್ಲಿ ತಪ್ಪು ಹಿಡಿಯಬಾರದೆಂದು ಹಠ ತೊಟ್ಟು ವ್ಯಾಕರಣಕ್ಕೆ ಕೈಹಾಕಿದನೆಂದು ಪರಂಪರೆಯ ಕಥೆ ಹೇಳುತ್ತದೆ. ಕಥೆ ಹೇಗೇ ಇರಲಿ, ಅರಬೀ ಭಾಷೆಯ ಮೊದಲ ಮಹಾ ವ್ಯಾಕರಣ ಗ್ರಂಥವನ್ನು ಬರೆದವನು ಅರಬನಲ್ಲ, ಈ ಸೀಬವೈಹಿ. 'ನೀನು ನಮ್ಮ ಭಾಷೆಯನ್ನು ಚೆನ್ನಾಗಿ ಮಾತಾಡುತ್ತೀಯ' ಎಂದು ಬೆನ್ನು ತಟ್ಟುವವರಿಗೆ ಇತಿಹಾಸ ಕೊಟ್ಟ ಉತ್ತರಗಳಲ್ಲಿ ಇದೊಂದು. ಸಂತ ಶಿಶುನಾಳ ಶರೀಫರಿಂದ ಹಿಡಿದು 2006ರಲ್ಲಿ ಶಿವಮೊಗ್ಗದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಕೆ.ಎಸ್. ನಿಸಾರ್ ಅಹಮದ್, 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಬಾನು ಮುಷ್ತಾಕ್ ಅವರವರೆಗೆ ನಮ್ಮ ನಾಡಿನಲ್ಲೂ ಅದೇ ಉತ್ತರವಿದೆ. ಇವರು ಕನ್ನಡಕ್ಕೆ ಬಂದ ಅತಿಥಿಗಳಲ್ಲ, ಮನೆಯವರು. ಮನೆಯವರಿಗೆ ಯಾರೂ 'ನಮ್ಮ ಮನೆಯಲ್ಲಿ ಚೆನ್ನಾಗಿ ನಡೆದುಕೊಳ್ಳುತ್ತೀರಿ' ಎಂಬ ಪ್ರಮಾಣಪತ್ರ ಕೊಡುವುದಿಲ್ಲ.

ಪದ ತಿರುಗಿ ನಿಂತ ಕಾಲ

ಮತ್ತೆ ಇಂಗ್ಲೆಂಡಿಗೆ ಬರೋಣ. ನಿಘಂಟುಕಾರ ಜಾನ್ಸನ್ ಬಡವ. 1747ರಲ್ಲಿ ತನ್ನ ನಿಘಂಟಿನ ಯೋಜನೆಯನ್ನು ಲಾರ್ಡ್ ಚೆಸ್ಟರ್‌ಫೀಲ್ಡ್ ಎಂಬ ಪ್ರಭುವಿಗೆ ಅರ್ಪಿಸಿದ. ಪ್ರಭು ಹತ್ತು ಪೌಂಡ್ ಕೊಟ್ಟು ಮರೆತ. ಏಳು ವರ್ಷಗಳ ಏಕಾಂಗಿ ದುಡಿಮೆಯ ನಂತರ ಕೆಲಸ ಮುಗಿಯುವ ಹೊತ್ತಿಗೆ ಅದೇ ಪ್ರಭು ಪತ್ರಿಕೆಯಲ್ಲಿ ಎರಡು ಲೇಖನ ಬರೆದು ನಿಘಂಟನ್ನು ಹೊಗಳಿದ. 1755ರ ಫೆಬ್ರವರಿ 7ರಂದು ಜಾನ್ಸನ್ ಆತನಿಗೊಂದು ಪತ್ರ ಬರೆದ. ನೀರಿನಲ್ಲಿ ಮುಳುಗುತ್ತಿರುವವನನ್ನು ದಡದಲ್ಲಿ ನಿಂತು ನಿರಾತಂಕವಾಗಿ ನೋಡಿ, ಅವನು ಈಜಿ ದಡ ಸೇರಿದ ಮೇಲೆ ಸಹಾಯದ ಹೊರೆ ಹೇರುವವನೇ ಆಶ್ರಯದಾತನೇ ಎಂಬುದು ಅದರಲ್ಲಿ ಅವನೆತ್ತಿದ ಪ್ರಶ್ನೆ. ನಿಘಂಟಿನಲ್ಲೂ ಅವನು ಸುಮ್ಮನಿರಲಿಲ್ಲ. ಆಶ್ರಯದಾತ ಎಂಬ ಪದಕ್ಕೆ ಅರ್ಥ ಬರೆಯುವಾಗ, ಸೊಕ್ಕಿನಿಂದ ಪೋಷಿಸಿ ಮುಖಸ್ತುತಿಯನ್ನು ಪ್ರತಿಫಲವಾಗಿ ಪಡೆಯುವ ಹೀನ ಎಂಬ ಧಾಟಿಯ ವಿವರಣೆಯನ್ನು ಸೇರಿಸಿದ. ಕೆಳಗಿದ್ದವನೊಬ್ಬ ನಿಘಂಟನ್ನು ಬರೆದಾಗ ಪದದ ಅರ್ಥ ಬದಲಾಗುತ್ತದೆ. ಇದು ನಮಗೆ ಬಹಳ ಮುಖ್ಯವಾಗಿ ಕಾಣುವ ಸಂಗತಿ.

1776ರಲ್ಲಿ ಅಮೆರಿಕಾ, 1789ರಲ್ಲಿ ಫ್ರಾನ್ಸ್ ಹಳೆಯ ಮೆಟ್ಟಿಲುಗಳನ್ನು ಅಲುಗಾಡಿಸಿದವು. ಎಲ್ಲರೂ ಹುಟ್ಟಿನಿಂದ ಸಮಾನರು ಎಂಬ ಮಾತು ಘೋಷಣೆಯಾಯಿತು. ಎಲ್ಲರೂ ಒಂದೇ ನೆಲದ ಮೇಲೆ ನಿಂತಿದ್ದರೆ 'ಇಳಿದು ಬರುವುದು' ಎಲ್ಲಿಂದ? ಸಮಾನತೆಯನ್ನು ಒಪ್ಪಿದ ಮರುಕ್ಷಣ ದಯಾಳುವಿನ ಇಳಿದು ಬರುವಿಕೆ ಸುಳ್ಳಾಗುತ್ತದೆ. ತಾನಿನ್ನೂ ಮೇಲಿದ್ದೇನೆ ಎಂಬ ಹಮ್ಮು ಮಾತ್ರ ಉಳಿಯುತ್ತದೆ. 18ನೇ ಶತಮಾನ ಮುಗಿಯುವ ಹೊತ್ತಿಗೆ 'ಪೇಟ್ರನೈಸ್' ಎಂಬುದಕ್ಕೂ ಇಂದಿನ ಕಹಿ ಅರ್ಥ ಅಂಟಿಕೊಂಡಿತು. 1813ರಲ್ಲಿ ಜೇನ್ ಆಸ್ಟೆನ್ ಬರೆದ 'ಪ್ರೈಡ್ ಅಂಡ್ ಪ್ರಿಜುಡಿಸ್' ಕಾದಂಬರಿಯಲ್ಲಿ ಈ ಬದಲಾವಣೆಯನ್ನು ಕಣ್ಣಾರೆ ಕಾಣಬಹುದು. ಅಲ್ಲಿ ಕಾಲಿನ್ಸ್ ಎಂಬ ಪಾದ್ರಿ ತನಗೆ ಆಶ್ರಯ ಕೊಟ್ಟ ಲೇಡಿ ಕ್ಯಾಥರೀನಳ ಕಾಂಡಿಸೆನ್ಷನ್ ಬಗ್ಗೆ ಹಳೆಯ ಅರ್ಥದಲ್ಲೇ ಭಕ್ತಿಯಿಂದ ಮಾತಾಡುತ್ತಾನೆ. ಆದರೆ ಓದುಗರಿಗೆ ನಗು ಬರುತ್ತದೆ. ಏಕೆಂದರೆ ಆ ಮಹಿಳೆ ಅವನ ಮನೆಯ ಕಪಾಟಿನ ಹಲಗೆಗಳಿಂದ ಹಿಡಿದು ಕೋಳಿ ದನಗಳ ಸಾಕಣೆಯವರೆಗೆ ಎಲ್ಲದಕ್ಕೂ ಮೂಗು ತೂರಿಸಿ ಬುದ್ಧಿ ಹೇಳುವವಳು.

ಇದೇ ದಶಕಗಳಲ್ಲಿ ಇನ್ನೊಂದು ಪದವೂ ಪರೀಕ್ಷೆಗೊಳಗಾಯಿತು: ಸಹಿಷ್ಣುತೆ. 1790ರ ಆಗಸ್ಟ್‌ನಲ್ಲಿ ಅಮೆರಿಕಾದ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ನ್ಯೂಪೋರ್ಟ್ ಎಂಬ ಊರಿನ ಯಹೂದಿ ಸಮುದಾಯಕ್ಕೆ ಪತ್ರ ಬರೆದು, ಒಂದು ವರ್ಗದ ಜನರ ಔದಾರ್ಯದಿಂದ ಇನ್ನೊಂದು ವರ್ಗ ತನ್ನ ಸಹಜ ಹಕ್ಕುಗಳನ್ನು ಅನುಭವಿಸುತ್ತಿದೆ ಎಂಬಂತೆ ಸಹಿಷ್ಣುತೆಯ ಮಾತಾಡುವ ಕಾಲ ಮುಗಿಯಿತು ಎಂಬ ಅರ್ಥದ ಮಾತನ್ನು ಹೇಳಿದ. ಮರುವರ್ಷ ಥಾಮಸ್ ಪೇಯ್ನ್ ತನ್ನ 'ಮನುಷ್ಯನ ಹಕ್ಕುಗಳು' ಕೃತಿಯಲ್ಲಿ ಇನ್ನೂ ಮುಂದೆ ಹೋಗಿ, ಸಹಿಷ್ಣುತೆಯೂ ಅಸಹಿಷ್ಣುತೆಯೂ ಒಂದೇ ನಾಣ್ಯದವು ಎಂದು ವಾದಿಸಿದ. ಒಬ್ಬ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಅಧಿಕಾರ ತನಗಿದೆ ಎನ್ನುತ್ತಾನೆ, ಇನ್ನೊಬ್ಬ ಅದನ್ನು ದಯಪಾಲಿಸುವ ಅಧಿಕಾರ ತನಗಿದೆ ಎನ್ನುತ್ತಾನೆ. ಕೊಡುವ ಅಧಿಕಾರ ಇದ್ದವನಿಗೆ ಕಿತ್ತುಕೊಳ್ಳುವ ಅಧಿಕಾರವೂ ಇದ್ದೇ ಇರುತ್ತದೆ. ಪತ್ರ ಬರೆದ ವಾಷಿಂಗ್ಟನ್ ಸ್ವತಃ ಗುಲಾಮರ ಒಡೆಯನಾಗಿದ್ದ ಎಂಬುದನ್ನು ಮರೆಯುವಂತಿಲ್ಲ. ಆದರೂ ಅವನ ಮಾತು ಅವನಿಗಿಂತ ದೊಡ್ಡದಾಗಿ ಉಳಿಯಿತು.

'ಇಲ್ಲಿನ ಬಹುಸಂಖ್ಯಾತರು ಉದಾರಿಗಳು, ಅದಕ್ಕೇ ನೀವು ಇಲ್ಲಿ ನೆಮ್ಮದಿಯಾಗಿದ್ದೀರಿ' ಎಂಬ ಮಾತನ್ನು ನಮ್ಮಲ್ಲಿ ಎಷ್ಟೋ ಸಲ ಕೇಳುತ್ತೇವೆ. ಹೇಳುವವರು ಅದನ್ನು ಸ್ನೇಹದಿಂದಲೇ ಹೇಳುತ್ತಿರಬಹುದು. ನೆರೆಹೊರೆಯವರ ಒಳ್ಳೆಯತನವನ್ನು ನೆನೆಯುವುದರಲ್ಲಿ ತಪ್ಪೂ ಇಲ್ಲ. ಆದರೆ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 25ರಿಂದ 30ರವರೆಗಿನ ವಿಧಿಗಳು ಯಾರ ಔದಾರ್ಯವನ್ನೂ ಉಲ್ಲೇಖಿಸುವುದಿಲ್ಲ. ಅವು ಇರುವುದು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ. ಔದಾರ್ಯವನ್ನು ಕೊಟ್ಟವರು ಬೇಸರವಾದ ದಿನ ಹಿಂದಕ್ಕೆ ಪಡೆಯಬಹುದು, ಹಕ್ಕನ್ನು ಹಾಗೆ ಹಿಂದಕ್ಕೆ ಪಡೆಯಲಾಗದು.

ತಾಯಿತಂದೆಯ ಸರಕಾರ

ತಮ್ಮ ದೇಶದಲ್ಲಿ ಈ ನಡವಳಿಕೆಯನ್ನು ನೋಡಿ ನಗಲು ಕಲಿತ ಇಂಗ್ಲಿಷರು ಹಡಗು ಹತ್ತಿ ಬಂದ ಮೇಲೆ ಅದನ್ನೇ ರಾಜನೀತಿಯನ್ನಾಗಿ ಮಾಡಿಕೊಂಡರು. 1835ರ ಫೆಬ್ರವರಿ 2ರ ತನ್ನ ಟಿಪ್ಪಣಿಯಲ್ಲಿ ಮೆಕಾಲೆ, ಭಾರತ ಮತ್ತು ಅರಬ್ ದೇಶಗಳ ಸಮಸ್ತ ಸಾಹಿತ್ಯ ಒಂದು ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದೇ ಕಪಾಟಿಗೆ ಸಾಟಿಯಾಗದು ಎಂಬ ತೀರ್ಪು ನೀಡಿದ. ತನಗೆ ಸಂಸ್ಕೃತವೂ ಅರಬೀಯೂ ಬಾರದೆಂದು ಅದೇ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದ. ಆದರೂ ಇದೆಲ್ಲ ನಮ್ಮ ಉದ್ಧಾರಕ್ಕಾಗಿಯೇ! 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಪ್ರಖ್ಯಾತ ಗ್ರಂಥ ಬರೆದ ಜಾನ್ ಸ್ಟುವರ್ಟ್ ಮಿಲ್, ಆ ಸಿದ್ಧಾಂತ ಮಕ್ಕಳಿಗೆ ಅನ್ವಯಿಸದು, ಹಿಂದುಳಿದ ಜನಾಂಗಗಳಿಗೂ ಅನ್ವಯಿಸದು ಎಂದು ಆರಂಭದಲ್ಲೇ ಬೇಲಿ ಹಾಕಿದ. ಆತ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪೆನಿಯ ನೌಕರ. ನಮ್ಮ ಮೈಸೂರಿನಲ್ಲಿ 1831ರಲ್ಲಿ ದುರಾಡಳಿತದ ಕಾರಣ ನೀಡಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಇಂಗ್ಲಿಷರು ಅದನ್ನು ಹಿಂದಿರುಗಿಸಿದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ.

ಆಳುವವರ ಈ ಧೋರಣೆಗೆ ತಕ್ಕಂತೆ ಆಳಿಸಿಕೊಳ್ಳುವವರ ಭಾಷೆಯೂ ರೂಪುಗೊಂಡಿತ್ತು. ಆಂಗ್ಲೋ ಇಂಡಿಯನ್ ಪದಗಳ ಕೋಶವಾದ 1886ರ 'ಹಾಬ್ಸನ್ ಜಾಬ್ಸನ್'ನಲ್ಲಿ 'ಗರೀಬ್ ಪರ್ವರ್', 'ಗರೀಬ್ ನವಾಜ್' ಎಂಬ ಸಂಬೋಧನೆಗಳು ಸೇರಿವೆ. ಬಡವರನ್ನು ಸಾಕುವವನೇ, ಬಡವರನ್ನು ಸಲಹುವವನೇ ಎಂದರ್ಥ. ಅಜ್ಮೀರದ ಸಂತನಿಗೆ ಜನ ಪ್ರೀತಿಯಿಂದ ಕೊಟ್ಟ ಬಿರುದು ಕಚೇರಿಯಲ್ಲಿ ಕುಳಿತ ಸಾಹೇಬನಿಗೂ ಸಂದಿತು. 'ನೀವೇ ತಾಯಿ, ನೀವೇ ತಂದೆ' ಎನ್ನುವ 'ಮಾ ಬಾಪ್' ಸರಕಾರವೂ ಹೀಗೆಯೇ ಹುಟ್ಟಿತು. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಅರ್ಜಿಗಳು 'ತಾವು ದಯವಿಟ್ಟು ಕೃಪೆ ತೋರಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ' ಎಂದು ಮುಗಿಯುವುದನ್ನು ನಾವು ಕಂಡಿದ್ದೇವೆ. ತೆರಿಗೆ ಕೊಡುವ ಪ್ರಜೆ ತನ್ನದೇ ನೌಕರನಿಗೆ ಬರೆಯುವ ಪತ್ರವದು.

ದಯೆಯ ಹೆಸರು, ಹೆಸರಿನ ಜಗಳ

ಹೊರಗಿನವರ ದೊಡ್ಡಸ್ತಿಕೆಯನ್ನು ಗುರುತಿಸುವುದು ಸುಲಭ. ನಮ್ಮವರದನ್ನು ಗುರುತಿಸುವುದು ಕಷ್ಟ. 1930ರ ದಶಕದ ಆರಂಭದಲ್ಲಿ ಗಾಂಧೀಜಿ ಅಸ್ಪೃಶ್ಯರೆಂದು ಕರೆಯಲ್ಪಡುತ್ತಿದ್ದವರಿಗೆ 'ಹರಿಜನ', ದೇವರ ಮಕ್ಕಳು ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. 1933ರಲ್ಲಿ ಅದೇ ಹೆಸರಿನ ಪತ್ರಿಕೆ ಆರಂಭವಾಯಿತು. ಅವರ ಉದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೆ 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆಯೊಂದರಲ್ಲಿ ಈ ಪದ ಬಳಕೆಯಾದಾಗ ಡಾ. ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಪ್ರತಿಭಟಿಸಿ ಹೊರನಡೆದರು. ಹೆಸರಿಡುವುದು ತಂದೆತಾಯಿಗಳ ಅಧಿಕಾರ. ಒಂದು ಸಮುದಾಯಕ್ಕೆ ಇನ್ನೊಬ್ಬರು ಹೆಸರಿಡುತ್ತಾರೆಂದರೆ ಆ ಸಮುದಾಯವನ್ನು ಕೂಸೆಂದು ಭಾವಿಸಿದಂತೆ. 1982ರಲ್ಲಿ ಕೇಂದ್ರ ಸರಕಾರ ಜಾತಿ ಪ್ರಮಾಣಪತ್ರಗಳಲ್ಲಿ ಈ ಪದ ಬಳಸಬಾರದೆಂದು ಸೂಚಿಸಿತು. 2017ರಲ್ಲಿ ಸುಪ್ರೀಮ್ ಕೋರ್ಟ್ ಇದು ಅವಮಾನಿಸಲು ಬಳಕೆಯಾಗುತ್ತಿರುವ ಪದವೆಂದು ಹೇಳಿತು. ಸಮುದಾಯ ತಾನೇ ಆರಿಸಿಕೊಂಡ 'ದಲಿತ' ಎಂಬ ಪದದಲ್ಲಿ ತುಳಿತದ ನೆನಪಿದೆ, ಆದರೆ ಹಂಗಿಲ್ಲ.

ಮಹಿಳೆಯರ ವಿಷಯದಲ್ಲಿ ಹೊಸ ಪದವೊಂದು ನಮ್ಮ ಕಣ್ಣೆದುರೇ ಹುಟ್ಟಿದೆ. ಅಮೆರಿಕಾದ ಲೇಖಕಿ ರೆಬೆಕ್ಕಾ ಸೋಲ್ನಿಟ್ 2008ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಔತಣಕೂಟದ ಪ್ರಸಂಗವಿದೆ. ಅಲ್ಲಿ ಗಂಡಸೊಬ್ಬ ಒಂದು ಪುಸ್ತಕದ ಬಗ್ಗೆ ಆಕೆಗೆ ಗಂಭೀರವಾಗಿ ಪಾಠ ಮಾಡುತ್ತಾನೆ. ಆ ಪುಸ್ತಕವನ್ನು ಬರೆದವರು ಸೋಲ್ನಿಟ್ ಅವರೇ! ಅದನ್ನು ಜೊತೆಗಿದ್ದ ಗೆಳತಿ ಮತ್ತೆ ಮತ್ತೆ ಹೇಳಿದರೂ ಅವನ ಕಿವಿಗೆ ಬೀಳುವುದಿಲ್ಲ. ಪ್ರಬಂಧದ ಬೆನ್ನಲ್ಲೇ ಓದುಗ ಮಹಿಳೆಯರ ಬಳಕೆಯಲ್ಲಿ 'ಮ್ಯಾನ್‌ಸ್ಪ್ಲೇನಿಂಗ್' ಎಂಬ ಪದ ಹುಟ್ಟಿತು. 2018ರಲ್ಲಿ ಅದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಸೇರಿತು. ಗಂಡಸರು ಕೇಳದಿದ್ದರೂ ವಿವರಿಸುವುದು ಎಂದು ಅದರ ಅರ್ಥ. ನಮ್ಮ ಮುಸ್ಲಿಮ್ ಮಹಿಳೆಯರ ಸ್ಥಿತಿ ಇನ್ನೂ ವಿಚಿತ್ರ. ಅವರಿಗೇನು ಬೇಕೆಂದು ಸಮುದಾಯದೊಳಗಿನ ಗಂಡಸರು ವಿವರಿಸುತ್ತಾರೆ. ಅವರನ್ನು ಉದ್ಧರಿಸುತ್ತೇವೆಂದು ಹೊರಗಿನವರೂ ವಿವರಿಸುತ್ತಾರೆ. ಈ ಎರಡು ವಿವರಣೆಗಳ ನಡುವೆ ಆಕೆಯನ್ನು ಕೇಳಿದವರು ಎಷ್ಟು ಮಂದಿ?

ಹಂಗು ಎಂಬ ನಮ್ಮ ಪದ

ಈ ನಡವಳಿಕೆಗೆ ಕನ್ನಡದಲ್ಲಿ ಸರಿಯಾದ ಒಂದೇ ಪದವಿಲ್ಲ ಎನ್ನುವವರಿದ್ದಾರೆ. ದೊಡ್ಡಸ್ತಿಕೆ, ಮೇಲರಿಮೆ, ಯಜಮಾನಿಕೆ ಎಂದರೂ ದಯೆಯ ಮುಖವಾಡ ಅವುಗಳಲ್ಲಿ ಕಾಣುವುದಿಲ್ಲ, ನಿಜ. ಆದರೆ ಇದೇ ಸಂಬಂಧವನ್ನು ಇನ್ನೊಂದು ತುದಿಯಿಂದ ಹಿಡಿದ ಅಪ್ಪಟ ಕನ್ನಡ ಪದವೊಂದು ನಮ್ಮಲ್ಲಿದೆ. ಅದೇ 'ಹಂಗು'. ಇಂಗ್ಲಿಷಿನ ಪದ ಕೊಡುವವನ ಭಂಗಿಯನ್ನು ಹೇಳುತ್ತದೆ. ಕನ್ನಡದ ಪದ ಪಡೆದವನ ಹೆಗಲ ಮೇಲಿನ ಭಾರವನ್ನು ಹೇಳುತ್ತದೆ. ಕೊಟ್ಟದ್ದನ್ನು ಎತ್ತಿ ಆಡಿದರೆ ಅದು 'ಹಂಗಿಸುವುದು'. 'ಹಂಗಿನ ಅನ್ನ' ಎಂದರೆ ಸಾಕು, ಹಳ್ಳಿಯ ಅನಕ್ಷರಸ್ಥ ಮುದುಕಿಗೂ ವಿವರಣೆ ಬೇಕಾಗುವುದಿಲ್ಲ. ಇಂಗ್ಲಿಷಿನ ಪದಕ್ಕೆ ಕೆಳಗಿನವರ ದೃಷ್ಟಿ ಸೇರಲು ಕ್ರಾಂತಿಗಳೇ ಬೇಕಾದವು. ನಮ್ಮ ಪದ ಹುಟ್ಟಿದ್ದೇ ಕೆಳಗಿನವರ ಅನುಭವದಿಂದ.

ಹಂಗಿಲ್ಲದ ಕೊಡುಗೆ ಸಾಧ್ಯವೇ? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಗಂಭೀರವಾಗಿ ಎತ್ತಿಕೊಂಡಿದ್ದರು. 12ನೇ ಶತಮಾನದ ಶರಣರು ದಾನಕ್ಕೆ ಬದಲಾಗಿ 'ದಾಸೋಹ' ಎಂದರು. ಅಲ್ಲಿ ಕೊಡುವವನೇ ದಾಸ. ಕುರ್‌ಆನ್ ಶ್ರೀಮಂತರ ಸಂಪತ್ತಿನಲ್ಲಿ ಬೇಡುವವರ ಮತ್ತು ವಂಚಿತರ 'ಹಕ್' ಇದೆಯೆಂದು ಹೇಳುತ್ತದೆ. ಉಪಕಾರವನ್ನು ಎತ್ತಿ ಆಡಿ, ಮನನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿರೆಂದು ಎಚ್ಚರಿಸುತ್ತದೆ. ಈ ಅರಬೀ ಪದವೇ ನಮ್ಮ ಕನ್ನಡಕ್ಕೆ ಬಂದು 'ಹಕ್ಕು' ಆಯಿತು ಎಂಬುದನ್ನು ಇಲ್ಲಿ ನೆನೆಯಬೇಕು. ಹಾಗಿದ್ದೂ ಹಬ್ಬದ ದಿನ ಅಕ್ಕಿಯ ಚೀಲವನ್ನು ವಿಧವೆಯ ಕೈಗಿಟ್ಟು ಹತ್ತು ಮಂದಿ ನಿಂತು ಫೋಟೊ ತೆಗೆಸಿಕೊಳ್ಳುವ ಪದ್ಧತಿ ನಮ್ಮ ಸಂಘ ಸಂಸ್ಥೆಗಳಲ್ಲಿ ಬೆಳೆದಿದೆ. ಆಕೆಗೆ ಕೊಟ್ಟದ್ದು ಆಕೆಯದೇ ಹಕ್ಕಾಗಿದ್ದರೆ ಫೋಟೊ ಯಾತಕ್ಕೆ? ನ್ಯಾಯವಾಗಿ ಸಲ್ಲಬೇಕಾದ ಸಾಲವನ್ನು ತೀರಿಸುವಾಗ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ.

ಹಂಗು ಹಕ್ಕಾಗಿ ಬದಲಾದ ದೊಡ್ಡ ಉದಾಹರಣೆಯೂ ನಮ್ಮ ನಾಡಿನಲ್ಲೇ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿದೆ. ದೇವರಾಜ ಅರಸರ ಕಾಲದ ಆ ತಿದ್ದುಪಡಿ ಗೇಣಿ ಪದ್ಧತಿಯ ಬುಡಕ್ಕೆ ಕೊಡಲಿ ಹಾಕಿತು. ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಒಕ್ಕಲು, ಏಳನೇ ನಂಬರಿನ ನಮೂನೆಯನ್ನು ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಕುಳಿತ. ಕೆಲವು ಧಣಿಗಳು 'ಇಷ್ಟು ವರ್ಷ ಸಾಕಿದ್ದಕ್ಕೆ ಹೀಗೆ ಮಾಡಿದಿರಲ್ಲ' ಎಂದು ನಿಜವಾಗಿಯೇ ನೊಂದುಕೊಂಡರು. ಅವರ ನೋವು ಸುಳ್ಳಲ್ಲ. ಅವರು ತಮ್ಮನ್ನು ದಯಾಳುಗಳೆಂದೇ ನಂಬಿದ್ದರು. ಆದರೆ ಉತ್ತು ಬಿತ್ತಿ ಧಣಿಯನ್ನು ಸಾಕಿದವನು ಒಕ್ಕಲು ಎಂಬ ಲೆಕ್ಕ ಅವರಿಗೆ ಎಂದೂ ಕಂಡಿರಲಿಲ್ಲ.

ಇಂದಿಗೂ ಈ ಲೆಕ್ಕ ಪೂರ್ತಿ ಚುಕ್ತಾ ಆಗಿಲ್ಲ. 2013ರಲ್ಲಿ ಸಂಸತ್ತು ಆಹಾರ ಭದ್ರತೆಯನ್ನು ಕಾನೂನಾಗಿ ಮಾಡಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಬಂದ ಅಕ್ಕಿ ಯೋಜನೆಗೆ 'ಅನ್ನಭಾಗ್ಯ' ಎಂದು ಹೆಸರಾಯಿತು. ಹಸಿದವರ ಹೊಟ್ಟೆಗೆ ಅದರಿಂದ ದೊಡ್ಡ ಉಪಕಾರವಾಗಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಕಾನೂನು ಕೊಟ್ಟದ್ದು ಹಕ್ಕು, ಹೆಸರು ಹೇಳುವುದು ಭಾಗ್ಯ. ಸರಕಾರಿ ಕಡತಗಳಲ್ಲಿ ಪ್ರಜೆ 'ಫಲಾನುಭವಿ'. ಅವನು 'ಹಕ್ಕುದಾರ' ಆಗುವುದು ಯಾವಾಗ?

ದಯೆ ಬೇಡವೆಂದು ನಾವು ಹೇಳುತ್ತಿಲ್ಲ. ದಯೆಯಿಲ್ಲದ ಸಮಾಜ ಬರಿಯ ಕೋರ್ಟು ಕಚೇರಿಯಾದೀತು. ನೆರೆಮನೆಯವರು ಕಷ್ಟದಲ್ಲಿದ್ದಾಗ ಗಂಜಿ ಕೊಟ್ಟು ಬರುವುದಕ್ಕೆ ಯಾವ ಸಂವಿಧಾನದ ವಿಧಿಯೂ ಬೇಕಿಲ್ಲ. ಆದರೆ ನಾಳೆ ನಮಗೆ ಕಷ್ಟ ಬಂದಾಗ ಅವರಿಂದ ಅದೇ ಗಂಜಿಯನ್ನು ಸಂಕೋಚವಿಲ್ಲದೆ ಪಡೆಯಲು ನಾವು ಸಿದ್ಧರಿದ್ದೇವೆಯೇ ಎಂಬುದೇ ಪರೀಕ್ಷೆ. ಪಡೆಯಲು ನಾಚಿಕೆಯಾಗುತ್ತದೆ ಎಂದಾದರೆ, ಕೊಡುವಾಗ ನಾವು ನೆಲದ ಮೇಲೆ ನಿಂತಿರಲಿಲ್ಲ, ಮೆಟ್ಟಿಲ ಮೇಲೆ ನಿಂತಿದ್ದೆವು ಎಂದೇ ಅರ್ಥ.